ಹುಣಸೆ ಮರದ ಮೊಳೆ

"ಹುಣಸಿ ಗಿಡಕ್ಕ ಬಡದ ಮೊಳಿ ಮುಟ್ಟಬ್ಯಾಡ್ರಿ. ಅವು ಮಂದಿ ಬ್ಯಾನಿ ಅವರಿ, ರೋಗ ಇಳಿಸಿ ಬಡದದ್ದು."

ಗುಡ್ಡದ ಬುಡದಲ್ಲಿ ಆಡು ಮೇಯಿಸುತ್ತಿದ್ದ ಭಾಗೀರಥಿಬಾಯಿಯ ಮಾತಿಗೆ ಗಿಡಿಯೋನ ನಕ್ಕುಬಿಟ್ಟ. ಬೀದರದ ಸಾಲೆಯೊಂದರಲ್ಲಿ ಅವನು ವ್ಯಾಯಾಮದ ಮಾಸ್ತರ. ರಜೆ ಬಂದರೆ ಬೆನ್ನಿಗೆ ಚೀಲ ಏರಿಸಿ ಯಾರೂ ಹತ್ತದ ಗುಡ್ಡ ಹುಡುಕುವುದು ಅವನ ಹುಚ್ಚು. ಚರ್ಚಿಗೆ ಹೋಗುವವರಿಗೆ ಮಾಟ ತಟ್ಟದು ಎಂದು ಮುದುಕಿಗೆ ಹೇಳಿ ಮುಂದೆ ನಡೆದ. ಮಗಳನ್ನು ತವರಿನಲ್ಲಿ ಬಿಟ್ಟು ಬಂದಿದ್ದ ಹೆಂಡತಿ ಕರುಣಾ, ಆಸ್ಪತ್ರೆಯ ನರ್ಸ್, ಒಮ್ಮೆ ತಿರುಗಿ ನೋಡಿ ಹಿಂಬಾಲಿಸಿದಳು.

ಸಂತಪುರದಾಚೆಯ ಕೆಂಪು ಗುಡ್ಡಗಳ ಸಾಲಿನಲ್ಲಿ ಎರಡನೆಯದನ್ನು ದಾಟಿದಾಗ ಮಧ್ಯಾಹ್ನ. ಕಣಿವೆಯಲ್ಲಿ ಒಂಟಿ ಹುಣಸೆ ಮರ. ಹಗಲಲ್ಲೇ ಅದರ ಬುಡ ಕತ್ತಲಾಗಿತ್ತು. ಸುಟ್ಟ ಕೂದಲು, ಕೊಳೆತ ನಿಂಬೆಹಣ್ಣಿನ ವಾಸನೆ. ಕಾಂಡದ ತುಂಬ ತುಕ್ಕು ಹಿಡಿದ ಮೊಳೆಗಳು. ಮಲಗಲು ಜೋಲಿ ಕಟ್ಟುವಾಗ ಹಗ್ಗಕ್ಕೆ ಒಂದು ಮೊಳೆ ಅಡ್ಡ ಬಂತು. ಕರುಣಾ ಬೇಡವೆಂದಳು. ಅವನು ಚಾಕುವಿನಿಂದ ಮೀಟಿ ಕಿತ್ತ.

ಮೊಳೆ ಬೆಚ್ಚಗಿತ್ತು.

ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಎಡಗಾಲು ಜೋಮು ಹಿಡಿಯಿತು. ಝಾಡಿಸಿದ. ಮೊಣಕಾಲು ಹೋಯಿತು. ಕುಸಿದ. ಸೊಂಟ ಹೋಯಿತು. ಮೊಳೆ ಹಿಡಿದ ಮುಷ್ಟಿ ಬಿಚ್ಚಲೊಲ್ಲದು. ಕರುಣಾ ನಾಡಿ ನೋಡಿದಳು, ಕಾಲು ತಿಕ್ಕಿದಳು. ಫೋನಿಗೆ ಸಿಗ್ನಲ್ ಇರಲಿಲ್ಲ. ಮುದುಕಿಯನ್ನು ಕರೆತರುವೆನೆಂದು ಓಡಿದಳು.

ಗಿಡಿಯೋನ ಒಬ್ಬನೇ ಬಿದ್ದಿದ್ದ. ಇರುವೆಯೊಂದು ಕಣ್ಣಂಚಿನಲ್ಲಿ ಹರಿದಾಡಿತು. ಓಡಿಸಲು ಕೈ ಏಳಲಿಲ್ಲ. ತಲೆಯ ಹಿಂದೆ ಏನೋ ತೆವಳುವ ಸದ್ದು. ಒಣ ಎಲೆ ಸರಸರ ಎಂದಿತು. ಹತ್ತಿರ. ಇನ್ನೂ ಹತ್ತಿರ. ತಣ್ಣನೆಯದೊಂದು ಎದೆಯ ಮೇಲೇರಿ ಕುಳಿತಿತು. ಉಸಿರು ಎಳೆಯಷ್ಟೇ ಉಳಿಯಿತು. ಯೇಸುವಿನ ಹೆಸರು ಕರೆಯಹೋದ. ನಾಲಗೆ ಹೊರಳಲಿಲ್ಲ.

ಹೊತ್ತು ಇಳಿದ ಮೇಲೆ ಕರುಣಾ ಏದುಸಿರು ಬಿಡುತ್ತ ಒಬ್ಬಳೇ ಮರಳಿದಳು. ಮುದುಕಿ ಗುಡ್ಡ ಹತ್ತಲು ಒಪ್ಪಲಿಲ್ಲವಂತೆ. ಕಿತ್ತ ಮೊಳೆ ಮತ್ತೆ ಮರಕ್ಕೆ ಇಳಿಯುವುದಿಲ್ಲವಂತೆ.

"ಯಾರರ ಬೇಡಿ ತೊಗೊಂಡ್ರ ಮಾತ್ರ ಬಿಡತದಂತ್ರಿ."

ಅವನಿಗೆ ಅರ್ಥವಾಯಿತು. ಬೇಡ ಎನ್ನಬೇಕಿತ್ತು. ತಲೆಯಾದರೂ ಅಲ್ಲಾಡಿಸಬೇಕಿತ್ತು. ರೆಪ್ಪೆಯೂ ಅಲುಗಲಿಲ್ಲ. ಅವಳು ಅವನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದನ್ನು ಸುಮ್ಮನೆ ನೋಡುತ್ತ ಬಿದ್ದಿದ್ದ.

"ಇದು ನನಗಿರಲಿ" ಎಂದಳು ಕರುಣಾ.

ಉಸಿರು ನುಗ್ಗಿ ಬಂತು. ಕಾಲಿಗೆ ಜೀವ ಹರಿಯಿತು. ಅವನು ಎದ್ದು ಕುಳಿತಾಗ ಅವಳು ಮರದ ಬೇರಿಗೊರಗಿ ತನ್ನ ಪಾದಗಳನ್ನೇ ದಿಟ್ಟಿಸುತ್ತಿದ್ದಳು. ತನಗೇ ವಾಪಸು ಕೊಡೆಂದು ಬೇಡಿದ. ಮೂರು ಸಲ ಬೇಡಿದ. ಬಿಟ್ಟವರನ್ನು ಅದು ಮತ್ತೆ ಹಿಡಿಯುವುದಿಲ್ಲವೆಂದು ಅವಳು ಹೇಳಿದಳು. ಮುದುಕಿ ಅದನ್ನೂ ಹೇಳಿಯೇ ಕಳಿಸಿದ್ದಳು.

ಅವಳನ್ನು ಬೆನ್ನಿಗೆ ಹೊತ್ತು ನಡೆದ. ಮೊದಲ ಗುಡ್ಡದ ನೆತ್ತಿಯಲ್ಲಿ ಅವಳ ತೋಳು ಅವನ ಕೊರಳಿನಿಂದ ಜಾರಿತು. ಮಾತು ತೊದಲತೊಡಗಿತ್ತು.

"ಮಗಳ ಜಡಿ ಭಾಳ ಬಿಗಿ ಹಾಕಬ್ಯಾಡ್ರಿ" ಎಂದಳು ಕಿವಿಯ ಹತ್ತಿರ. "ಅಳ್ತಾಳ."

ಆಮೇಲೆ ಅವಳ ನಾಲಗೆಯೂ ಹೊರಳಲಿಲ್ಲ.