ಸಹಿ ಹಾಕದ ಪ್ರಿನ್ಸ್

ಮೈಸೂರಿನಲ್ಲಿ ಸುಳ್ಳು ಹೇಳುವವರಿಗೇನೂ ಬರವಿಲ್ಲ. ಆದರೆ ದಟ್ಟಗಳ್ಳಿಯ ಪ್ರಿನ್ಸ್ ಎಂಬ ಹುಡುಗ ಹೇಳಿದ ಸುಳ್ಳು ಎಷ್ಟು ದೊಡ್ಡದಿತ್ತೆಂದರೆ, ತಂದು ನಿಲ್ಲಿಸಿದ್ದರೆ ಚಾಮುಂಡಿ ಬೆಟ್ಟವೇ ಒಂಚೂರು ಪಕ್ಕಕ್ಕೆ ಸರಿದು ಜಾಗ ಕೊಡಬೇಕಾಗುತ್ತಿತ್ತು.

ಅದನ್ನು ಹೇಳಿಸಿದ್ದು ಎರಡು ಕಣ್ಣುಗಳು.

ಭಾನುವಾರ ಗೋಕುಲಂನ ಒಂದು ಕೆಫೆಯಲ್ಲಿ ಗೇಮ್ ಮಾಡುವವರು ಸೇರಿದ್ದರು. ಯಾರ ಹಿಂದೆಯೂ ದೊಡ್ಡ ಕಂಪನಿಯಿಲ್ಲ. ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ಕೂತು ಕಂಪ್ಯೂಟರಿನಲ್ಲಿ ಆಟ ಕಟ್ಟುವ ಜನ. ಎಲ್ಲರಿಗೂ ಒಂದೇ ಕನಸು: ತಮ್ಮ ಆಟ ಟಿವಿಗೆ ಜೋಡಿಸುವ ಕನ್ಸೋಲ್‌ಗೆ ಬರಬೇಕು, ಜನ ಸೋಫಾದಲ್ಲಿ ಕಾಲು ಚಾಚಿಕೊಂಡು ಆಡಬೇಕು. ಅದಕ್ಕೆ ಕನ್ಸೋಲ್ ಕಂಪನಿಯವರು ಅರ್ಜಿ ಒಪ್ಪಬೇಕು. ಒಪ್ಪಿದರೆ ಡೆವ್‌ಕಿಟ್ ಅನ್ನುವ ಯಂತ್ರ ಕೊಡುತ್ತಾರೆ. ಆಟವನ್ನು ಅದರ ಮೇಲೆ ಓಡಿಸಿ, ತಿದ್ದಿ, ಪರೀಕ್ಷೆಗೆ ಕಳಿಸಬೇಕು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಅದು. ಕೆಫೆಯಲ್ಲಿದ್ದವರು ಅದರ ಹೆಸರನ್ನು ಗರ್ಭಗುಡಿಯ ಮುಂದೆ ನಿಂತವರ ಹಾಗೆ ಮೆಲ್ಲಗೆ ಹೇಳುತ್ತಿದ್ದರು.

ಪ್ರಿನ್ಸನ ಎದುರಿನ ಕುರ್ಚಿಯಲ್ಲಿದ್ದ ಹುಡುಗಿ ರಾಮಕೃಷ್ಣನಗರದ ಚಂದ್ರಮತಿ. ಕಾಫಿ ಲೋಟದ ಅಂಚಿನ ಮೇಲಿಂದ ಕಣ್ಣೆತ್ತಿ ಕೇಳಿದಳು: "ಇಲ್ಲಿ ಯಾರಿಗಾದ್ರೂ ಡೆವ್‌ಕಿಟ್ ಬಂದಿದ್ಯಾ?"

ಅವು ಬರೀ ಕಣ್ಣಾಗಿದ್ದರೆ ಪ್ರಿನ್ಸ್ ಬಚಾವಾಗುತ್ತಿದ್ದ. ದಸರಾ ದೀಪಾಲಂಕಾರವನ್ನು ಅರಮನೆಯಿಂದ ಬಿಚ್ಚಿ ಎರಡೇ ಬಲ್ಬಿಗೆ ತುಂಬಿದ ಹಾಗಿದ್ದವು. ಅವನ ನಾಲಿಗೆ ಅವನನ್ನು ಕೇಳದೆ ಹೊರಟುಹೋಯಿತು.

"ನಂಗೆ ಬಂದಿದೆ."

ಕೆಫೆಯ ಕುರ್ಚಿಗಳೆಲ್ಲ ಅವನ ಕಡೆ ತಿರುಗಿದವು. ತೋರಿಸುತ್ತೀರಾ ಎಂದು ಅವಳು ಕೇಳಿದ್ದಕ್ಕೆ ಅವನು ಭುಜ ಕುಣಿಸಿದ. "ತೋರ್ಸಂಗಿಲ್ಲ ಕಣ್ರೀ. ಎನ್‌ಡಿಎ ಇದೆ."

ಎನ್‌ಡಿಎ ಅಂದರೆ ಗುಟ್ಟು ಬಿಡುವುದಿಲ್ಲವೆಂದು ಕಂಪನಿಗೆ ಬರೆದುಕೊಡುವ ಕರಾರು. ಸಹಿ ಹಾಕಿದವರಷ್ಟೇ ಯಂತ್ರ ನೋಡಬಹುದು. ಸಹಿ ಹಾಕದವರಿಗೆ ಅದರ ಫೋಟೋ ತೋರಿಸಿದರೂ ತಪ್ಪು. ಸಿಕ್ಕಿಬಿದ್ದರೆ ಯಂತ್ರವೂ ಹೋಯಿತು, ಆಟವೂ ಹೋಯಿತು. ಸುಳ್ಳುಗಾರನಿಗೆ ದೇವರೇ ಅಳತೆ ತೆಗೆದು ಹೊಲಿಸಿಕೊಟ್ಟ ರೇನ್‌ಕೋಟು!

ನಿಜವೇನೆಂದರೆ ಪ್ರಿನ್ಸನ ಅರ್ಜಿ ಒಂದೇ ಸಾಲಿನ ಉತ್ತರ ಹೊತ್ತು ವಾಪಸು ಬಂದಿತ್ತು. ಏಳು ಸಾಮ್ರಾಜ್ಯ, ಸಾವಿರ ಆನೆ, ಸಮುದ್ರದಡಿ ಒಂದು ಯುದ್ಧ ಎಂದೆಲ್ಲ ಬರೆದಿದ್ದ. ವರ್ಷಗಟ್ಟಲೆ ಕೆಲಸ ಮಾಡಿ ಅವನು ನಿಜವಾಗಿ ಕಟ್ಟಿ ಮುಗಿಸಿದ್ದು ಒಂದು ಬಾಗಿಲು. ಅದು ತೆರೆಯುತ್ತಿತ್ತು. ಮುಚ್ಚುತ್ತಿರಲಿಲ್ಲ.

ಚಂದ್ರಮತಿ ಸಲಹೆ ಕೇಳಲು ದಟ್ಟಗಳ್ಳಿಗೆ ಬರತೊಡಗಿದಳು. ಮಹಡಿಯ ಕೋಣೆಯ ಬಾಗಿಲು ಪೂರ್ತಿ ತೆರೆದಿರಬೇಕು ಅನ್ನುವುದು ಪ್ರಿನ್ಸನ ತಾಯಿ ಜೋಸೆಫಿನ್ ಅವರ ಕಾನೂನು. ಕಾನೂನಿನ ಜೊತೆಗೆ ಎಣ್ಣೆಯಲ್ಲಿ ಕರಿದ, ಹೂವಿನಂಥ ರೋಸ್ ಕುಕ್ಕೀಸನ್ನೂ ಒಂದು ತಟ್ಟೆ ಅವರೇ ಕಳಿಸುತ್ತಿದ್ದರು. ಕೋಣೆಯ ಮೂಲೆಯಲ್ಲಿ ಟೇಬಲ್ ಮೇಲೆ, ಕಸೂತಿ ಹಾಕಿದ ಬಟ್ಟೆಯಡಿ ಏನೋ ಒಂದು ಚೌಕಾಕಾರದ ವಸ್ತು. ಬಟ್ಟೆಯೊಳಗಿಂದ ಕೆಂಪು ದೀಪ ಮಿಣುಕುತ್ತಿತ್ತು. ಅದು ಹಳೇ ಟಿವಿಯ ವೋಲ್ಟೇಜ್ ಸ್ಟೆಬಿಲೈಜರ್.

ಮೊದಲ ದಿನ ಅದು ಕಣ್ಣಿಗೆ ಬಿದ್ದೊಡನೆ ಚಂದ್ರಮತಿ ಕುರ್ಚಿ ತಿರುಗಿಸಿ, ಅದಕ್ಕೆ ಬೆನ್ನು ಹಾಕಿ ಕೂತಳು.

"ಬಟ್ಟೆ ಮುಚ್ಚಿದೆಯಲ್ಲ, ಯಾಕೆ ತಿರುಗಿ ಕೂತ್ರಿ?" ಎಂದ ಪ್ರಿನ್ಸ್.

"ಗಾಳಿಗೆ ಸರಿದುಬುಟ್ರೆ? ಸಹಿ ಹಾಕಿರೋದು ನೀವು, ನಾನಲ್ಲ. ನನ್ನಿಂದ ನಿಮಗೆ ತೊಂದ್ರೆ ಆಗ್ಬಾರ್ದು."

ಆವತ್ತು ಪ್ರಿನ್ಸನ ಕಿವಿ ಕಾದ ಕಾವಿಗೆ ಒಂದು ಕಾವಲಿ ದೋಸೆ ಬೇಯುತ್ತಿತ್ತು. ಮೋಸ ಹೋದವಳು ಅನುಮಾನಪಟ್ಟಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಮರ್ಯಾದೆ ಕೊಟ್ಟಳು. ಬಂದಾಗಲೆಲ್ಲ ಕೊಟ್ಟಳು. ಒಂದು ಹಳೇ ಸ್ಟೆಬಿಲೈಜರಿಗೆ ಅಷ್ಟು ಮರ್ಯಾದೆ ಭೂಮಿ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಅವಳ ಆಟ ಪುಟ್ಟದು. ಒಂದು ಹಿಟ್ಟಿನ ಗಿರಣಿ. ಮುಂದೆ ಡಬ್ಬ ಹಿಡಿದ ಜನರ ಸಾಲು. ಯಾರದ್ದನ್ನು ಮೊದಲು ಬೀಸಬೇಕು ಅನ್ನುವುದೇ ಆಟ. ಮೆಣಸಿನಕಾಯಿ ಬೀಸಿದ ಮೇಲೆ ರಾಗಿ ಹಾಕಿದರೆ ಮುದ್ದೆ ತಿಂದ ತಾತ ಪರದೆ ತುಂಬ ಎಗರಾಡುತ್ತಾನೆ. ಅವಳ ತಂದೆ ದೇವರಾಜು ಅವರದ್ದೇ ಗಿರಣಿ ಅದು, ಮನೆಯ ಕೆಳಗೇ ಇದೆ. ಪ್ರಿನ್ಸ್ ಆಟ ಆಡಿದ, ನಕ್ಕ, ಸೋತ, ಮತ್ತೆ ಆಡಿದ. ಅವನು ಸೋತಾಗ ಅವಳು ಪರದೆ ಬಿಟ್ಟು ಅವನ ಮುಖ ನೋಡುತ್ತಿದ್ದಳು. ಅವನು ತಿರುಗಿದರೆ ಕುಕ್ಕೀಸಿನ ತೂತುಗಳನ್ನು ಎಣಿಸುವವಳಂತೆ ತಲೆ ತಗ್ಗಿಸುತ್ತಿದ್ದಳು.

ಗುರುಗಳಾದ ಮೇಲೆ ಪಾಠ ಹೇಳಬೇಕಲ್ಲ. ಅವಳು ಬರುವ ಮುಂಚೆ ಪ್ರಿನ್ಸ್ ಇಂಟರ್‌ನೆಟ್ಟನ್ನೆಲ್ಲ ಅಗೆದು ಗುಡ್ಡೆ ಹಾಕುತ್ತಿದ್ದ. ನಿಮ್ಮದೇ ಒಂದು ಪುಟ್ಟ ಕಂಪನಿ ಮಾಡಿ, ಅದರ ಹೆಸರಿನ ಇಮೇಲ್ ಇರಲಿ, ಕನಸು ಬರೆಯಬೇಡಿ, ಆಡಲು ಬರುವಷ್ಟು ಆಟ ಕಳಿಸಿ, ಬ್ಯಾಟರಿ ಮುಗಿದು ಕಂಟ್ರೋಲರ್ ಕೈಕೊಟ್ಟರೆ ಆಟ ತಾನಾಗಿ ನಿಲ್ಲಬೇಕು. ತಾನು ಮಾಡದೇ ಬಿಟ್ಟದ್ದನ್ನೆಲ್ಲ ಅವಳಿಗೆ ಹೇಳಿದ. ಅವಳು ಹೇಳಿದ್ದನ್ನೆಲ್ಲ ಮಾಡಿದಳು.

ಅವಳ ಅರ್ಜಿ ಒಪ್ಪಿಗೆಯಾಯಿತು. ಡೆವ್‌ಕಿಟ್ ಬಂತು.

"ನೀವೇ ಬಂದು ಮೊದಲು ಆನ್ ಮಾಡ್ಬೇಕು," ಎಂದಳು ಫೋನಿನಲ್ಲಿ. ಮನೆಯಲ್ಲಿ ಬೇರೆ ಯಾರಿಗೂ ತೋರಿಸುವಂತಿಲ್ಲ, ನನ್ನ ಬಿಟ್ಟರೆ ಸಹಿ ಹಾಕಿರುವವರು ನೀವೊಬ್ಬರೇ, ಒಬ್ಬಳೇ ಆನ್ ಮಾಡಲು ಧೈರ್ಯ ಸಾಲದು ಎಂದೂ ಹೇಳಿದಳು. ಪ್ರಿನ್ಸ್ ಜ್ವರ ಅಂದ. ಹಾಗಾದರೆ ಜ್ವರ ಬಿಡುವವರೆಗೆ ಕಾಯುತ್ತೇನೆ ಅಂದಳು. ಆ ಜ್ವರ ಅವಳ ದನಿ ಕೇಳಿಯೇ ನಿಜವಾಗಿ ಬಂದು, ನಾಚಿಕೆಯಾಗಿ ಅದೇ ಬಿಟ್ಟುಹೋಯಿತು.

ಶನಿವಾರ ಬೆಳಿಗ್ಗೆ ರಾಮಕೃಷ್ಣನಗರದ ಗಿರಣಿ ಇಡೀ ಬೀದಿಯನ್ನು ನಡುಗಿಸುತ್ತಿತ್ತು. ದೇವರಾಜು ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡೇ ಎದ್ದು ಬಂದು ಎರಡೂ ಕೈಯಲ್ಲಿ ಪ್ರಿನ್ಸನ ಕೈ ಹಿಡಿದರು. ಸಾಲಿನಲ್ಲಿದ್ದವರಿಗೆಲ್ಲ, ನಮ್ಮ ಮಗಳಿಗೆ ದಾರಿ ತೋರಿಸಿದ ಗುರುಗಳು ಇವರೇ, ಇವರ ಹತ್ತಿರ ಇಂಥ ಮಿಷನ್ನು ಯಾವತ್ತಿನಿಂದಲೋ ಇದೆ ಎಂದು ಕೂಗಿ ಹೇಳಿದರು. ಮೇಲೆ ತಾಯಿ ಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದೇ ನಿಂತಿದ್ದರು. ಪೆಟ್ಟಿಗೆಯನ್ನು ನೋಡುವಂತಿಲ್ಲವೆಂದು ಅದರ ಕೋಣೆಯ ಬಾಗಿಲಿಗೇ ಕುಂಕುಮ ಇಟ್ಟು, ಹೊಸ್ತಿಲಿಗೆ ನಿಂಬೆಹಣ್ಣು ಇಟ್ಟಿದ್ದರು. ಒಂದು ಚಿಟಿಕೆ ಕುಂಕುಮ ಪ್ರಿನ್ಸನ ಹಣೆಗೂ ಬಂತು. ಅವನು ತಲೆ ಬಾಗಿಸಿ ಇಡಿಸಿಕೊಂಡ.

ಕೋಣೆಯೊಳಗೆ ಯಂತ್ರದ ಮೇಲೆ ಬಿಳಿ ಪಂಚೆ ಹೊದಿಸಿತ್ತು. ಚಂದ್ರಮತಿ ಹೊಸ ಬಳೆ ಹಾಕಿದ್ದಳು. ಪಂಚೆಯ ಒಂದು ತುದಿ ಹಿಡಿದು ಕಣ್ಣಲ್ಲೇ ಅವನನ್ನು ಕರೆದಳು. "ಆ ತುದಿ ನೀವು ಎತ್ತಿ."

ಎತ್ತಿದರೆ ಮುಗಿಯಿತು. ಏನೋ ಒಂದು ಗುಂಡಿ ಒತ್ತಿ, ಏನೋ ಒಂದು ಮಾತಾಡಿ, ಗುರುಗಳಾಗಿಯೇ ಕೆಳಗಿಳಿಯಬಹುದು. ಆದರೆ ಅವನು ಸಹಿ ಹಾಕಿಲ್ಲ. ಅವನು ನೋಡಿದ ಗಳಿಗೆಯಲ್ಲೇ ಅವಳು ಮಾತು ಮುರಿದವಳಾಗುತ್ತಾಳೆ, ಅವಳಿಗೆ ಗೊತ್ತೇ ಆಗದೆ. ಅವನ ಮನೆಯ ಸ್ಟೆಬಿಲೈಜರಿಗೂ ಬೆನ್ನು ಹಾಕಿ ಕೂತಿದ್ದ ಹುಡುಗಿ ಅವಳು.

ಪ್ರಿನ್ಸ್ ಗಕ್ಕನೆ ಗೋಡೆ ಕಡೆ ತಿರುಗಿದ.

"ಎತ್ಬೇಡಿ. ನಾನು ಸಹಿ ಹಾಕಿಲ್ಲ, ಚಂದ್ರಮತಿ."

"ಅಂದ್ರೆ?"

"ನಂಗೆ ಯಾವ ಕಿಟ್ಟೂ ಬಂದಿಲ್ಲ. ನಮ್ಮನೇಲಿ ಬಟ್ಟೆ ಕೆಳಗಿರೋದು ಟಿವಿ ಸ್ಟೆಬಿಲೈಜರ್."

ಅವಳು ಪಂಚೆಯ ತುದಿ ಬಿಟ್ಟಳು. ಗೋಡೆಯ ಬಣ್ಣದ ಒಂದೊಂದು ಚಕ್ಕೆಯೂ ಪ್ರಿನ್ಸನಿಗೆ ಬಾಯಿಪಾಠವಾಗುವಷ್ಟು ಹೊತ್ತು ಅವಳು ಕೋಣೆಯಲ್ಲಿ ಅತ್ತಿಂದಿತ್ತ ನಡೆದಳು. ಹಿಂದಿನಿಂದ ಬಂದ ದನಿ ಅವನು ಕೇಳಿ ಗೊತ್ತಿದ್ದ ದನಿಯಾಗಿರಲಿಲ್ಲ.

"ನನ್ ಮದುವೆ ಮಾತು ಬಂದಾಗೆಲ್ಲ, ಆಟ ಮುಗೀಲಿ, ಪ್ರಿನ್ಸ್ ಇದಾರೆ, ಅವ್ರಿಗೆ ಎಲ್ಲ ಗೊತ್ತು ಅಂದಿದೀನಿ ಮನೇಲಿ. ಈಗ ನಮ್ಮಪ್ಪಂಗೆ ಏನಂತ ಹೇಳ್ಲಿ?"

ಅವನು ಏನೋ ಹೇಳಹೋದ. "ಆಚೆ ಹೋಗಿ," ಎಂದಳು.

ಹೊಸ್ತಿಲ ನಿಂಬೆಹಣ್ಣು ದಾಟಿ ಪ್ರಿನ್ಸ್ ಮೆಟ್ಟಿಲಿಳಿದ. ಗೇಟು ಎದುರಿಗೇ ಇತ್ತು. ಬೈಕೂ ಇತ್ತು. ಆದರೆ ಗೇಟು ದಾಟಿದರೆ ಈ ಸುಳ್ಳನ್ನು ಇನ್ನು ಅವಳು ಹೊರಬೇಕು, ಅಪ್ಪನ ಮುಂದೆ ಅವಳು ತಲೆ ತಗ್ಗಿಸಬೇಕು. ಅವನು ಗಿರಣಿಯೊಳಗೆ ಹೋದ. ಯಂತ್ರದ ಭರಾಟೆಯಲ್ಲಿ ದೇವರಾಜು ಅವರ ಕಿವಿಯ ಹತ್ತಿರ ಬಾಯಿಟ್ಟು, ಗಂಟಲು ಹರಿಯುವ ಹಾಗೆ ಕೂಗಿ ಎಲ್ಲವನ್ನೂ ಹೇಳಿ ಮುಗಿಸಿದ. ಹೇಳಿ ಆಯಿತಲ್ಲ ಎಂದು ಬೆವರು ಒರೆಸಿಕೊಂಡ.

ದೇವರಾಜು ಅವನನ್ನೇ ನೋಡಿದರು. ಕೈ ಚಾಚಿ ಸ್ವಿಚ್ ಆಫ್ ಮಾಡಿದರು. ಗಿರಣಿಯ ಬೆಲ್ಟು ಕುಂಟುತ್ತಾ ಕುಂಟುತ್ತಾ ನಿಂತಿತು.

"ಮಿಷನ್ ಸದ್ದಲ್ಲಿ ಒಂದಕ್ಷರ ಕೇಳಿಸ್ಲಿಲ್ಲ ಸಾರ್. ಇನ್ನೊಂದ್ಸಲ ಹೇಳಿ."

ಸಾಲಿನಲ್ಲಿದ್ದವರೆಲ್ಲ ಡಬ್ಬ ಕೆಳಗಿಟ್ಟು ಕಿವಿ ಮುಂದಿಟ್ಟರು. ಆ ಕ್ಷಣದಲ್ಲಿ ಭೂಮಿ ಬಾಯಿ ಬಿಡಲಿ ಎಂದು ಪ್ರಿನ್ಸ್ ಬೇಡಿಕೊಂಡದ್ದು ಆಕಾಶದ ಅಷ್ಟೂ ಸಂತರಿಗೆ ಕೇಳಿಸಿತು. ಅವರೂ ಮುಂದೇನಾಗುತ್ತೆ ನೋಡೋಣ ಎಂದು ಸುಮ್ಮನಾದರು.

ಅವನು ಹೇಳಿದ. ಈ ಸಲ ಕೂಗಲು ಯಾವ ಸದ್ದಿನ ನೆಪವೂ ಇರಲಿಲ್ಲ. ಡೆವ್‌ಕಿಟ್ ಇಲ್ಲ, ಗುರುವೂ ಅಲ್ಲ, ನಿಮ್ಮ ಮಗಳು ಪಡೆದದ್ದೆಲ್ಲ ಅವಳ ಕೆಲಸದ್ದೇ, ಸುಳ್ಳು ಮಾತ್ರ ಪೂರ್ತಿ ನನ್ನದು ಎಂದ. ಹಿಟ್ಟು ಅವನ ತಲೆಯ ಮೇಲೆ ಮೆಲ್ಲಗೆ ಇಳಿಯುತ್ತಿತ್ತು.

ಸಾಲಿನ ಮುಂದಿದ್ದ ರಾಗಿ ಡಬ್ಬದ ಮಾದೇವಮ್ಮ ಮೊದಲು ಬಾಯಿಬಿಟ್ಟರು. "ಎಂಗೋ ಒಪ್ಕೊಂಡ್ನಲ್ಲ ಬುಡು, ದೇವರಾಜು. ನನ್ ರಾಗಿ ಆಕು."

ದೇವರಾಜು ರಾಗಿ ಹಾಕಲಿಲ್ಲ. ಅವರ ಕಣ್ಣು ಪ್ರಿನ್ಸನ ಹಿಂದೆ, ಮೆಟ್ಟಿಲ ಕಡೆ ಇತ್ತು. ಅಲ್ಲಿ ಚಂದ್ರಮತಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅತ್ತದ್ದು ಕಾಣುತ್ತಿತ್ತು. ಎರಡು ಮೆಟ್ಟಿಲು ಇಳಿದು ಬಂದು, ಅವನ ಮುಖವನ್ನು ಹೊಸದಾಗಿ ಕೊಂಡ ವಸ್ತುವಿನ ಹಾಗೆ ಎಲ್ಲ ಕಡೆಯಿಂದ ನೋಡಿದಳು.

"ನಮ್ ಕಂಪನೀಲಿ ಒಬ್ಳೇ ಇದೀನಿ," ಎಂದಳು. "ಆಟ ಆಡಿ ಆಡಿ ತಪ್ಪು ಹುಡ್ಕೋರು ಒಬ್ರು ಬೇಕು. ಸೋಲೋದ್ರಲ್ಲಿ ನಿನ್ನಷ್ಟು ಗಟ್ಟಿಗರು ಯಾರೂ ಇಲ್ಲ. ಮೊದ್ಲು ಸಹಿ ಹಾಕ್ಬೇಕು. ಆಮೇಲೇ ಪಂಚೆ ಎತ್ತೋದು."

ಅವಳು ನೀನು ಅಂದದ್ದು ಅವಳಿಗೇ ಗೊತ್ತಾದ ಹಾಗಿರಲಿಲ್ಲ.

"ಹಾಕ್ತೀನಿ," ಎಂದ ಪ್ರಿನ್ಸ್. ಇನ್ನೂ ತಲೆ ಎತ್ತಿರಲಿಲ್ಲ.

"ಇನ್ನೂ ಏನಾದ್ರೂ ಮುಚ್ಚಿಟ್ಟಿದ್ರೆ ಈಗ್ಲೇ ಹೇಳ್ಬುಡು. ಮತ್ತೆ ಕೇಳಲ್ಲ ನಾನು."

"ಒಂದಿದೆ."

"ಹೇಳು."

ಪ್ರಿನ್ಸ್ ಒಮ್ಮೆ ಸಾಲಿನ ಕಡೆ ನೋಡಿದ, ಒಮ್ಮೆ ಅವಳ ಅಪ್ಪನ ಕಡೆ. ಮುಖ, ಕಿವಿ, ಕುತ್ತಿಗೆ ಎಲ್ಲ ಬ್ಯಾಡಗಿ ಮೆಣಸಿನಕಾಯಿ. ಮಾದೇವಮ್ಮ ಕೇಳಿಸಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದರು.

ದೇವರಾಜು ಹುಬ್ಬಿನ ಹಿಟ್ಟು ಕೊಡವಿಕೊಂಡರು. ಮಗಳನ್ನು ನೋಡಿದರು, ಹುಡುಗನನ್ನು ನೋಡಿದರು. ಆಮೇಲೆ ಮಾದೇವಮ್ಮನ ರಾಗಿ ಎತ್ತಿ ಸುರಿದು, ಅವರಿಬ್ಬರಿಗೂ ಬೆನ್ನು ತಿರುಗಿಸಿ, ಸ್ವಿಚ್ ಹಾಕಿದರು.

ಗಿರಣಿ ಗುಡುಗಿತು. ಆ ಗುಡುಗಿನ ನಡುವೆ ಪ್ರಿನ್ಸ್ ತಲೆಯೆತ್ತಿ ಹೇಳಿದ. ಸಾಲಿನಲ್ಲಿ ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಚಂದ್ರಮತಿಯ ಕಿವಿ ಮಾತ್ರ ಕೆಂಪಗಾಯಿತು.