ಹುಡುಗ ನೋಡಾಕ ಬರತಾನ

ಧಾರವಾಡದ ಕಡೆ ‘ನೋಡಾಕ ಬರತೇನಿ’ ಅನ್ನುವ ಮಾತೊಂದಿದೆ. ಅದನ್ನು ನಂಬಿ ಕೆಟ್ಟವರಿದ್ದಾರೆ. ಡಾಕ್ಟರು ನೋಡಲು ಬರುತ್ತಾರೆ, ಬಾಡಿಗೆಯವರು ಮನೆ ನೋಡಲು ಬರುತ್ತಾರೆ, ದಲಾಲರು ಎಮ್ಮೆ ನೋಡಲು ಬರುತ್ತಾರೆ. ಶಿವಯೋಗೀಶ ಬಂದದ್ದು ಕನ್ಯೆ ನೋಡಲು.

ಸಪ್ತಾಪುರದ ಆ ಮನೆಯ ಮುಂದೆ ಅವನು ಬೆಲ್ ಒತ್ತದೆ ನಿಂತೇ ಇದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮೋಸಂಬಿಯ ಚೀಲ. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟಿದ್ದ. ಮನೆಯಲ್ಲಿ ಇನ್ನಷ್ಟು ಕೂತಿದ್ದರೆ ಬರುವ ಧೈರ್ಯವೇ ಉಳಿಯುತ್ತಿರಲಿಲ್ಲ.

ಹಿರಿಯರು ಆಮೇಲೆ, ಮೊದಲು ಹುಡುಗ-ಹುಡುಗಿ ಮಾತಾಡಿಕೊಳ್ಳಲಿ ಎಂದು ಎರಡೂ ಮನೆಯವರು ಒಪ್ಪಿದ್ದರು. ಅವನಿಗೆ ಕುತ್ತು ಬಂದದ್ದೇ ಅಲ್ಲಿ. ಲಕಮನಹಳ್ಳಿಯ ಪಂಪಿನ ಕಾರ್ಖಾನೆಯಲ್ಲಿ ದಿನವಿಡೀ ಮೋಟಾರುಗಳ ಬಗ್ಗೆ ಹರಟುವ ಈ ಮಹಾರಾಯ, ಕನ್ಯೆಯ ಎದುರು ಕೂತರೆ ಅವಲಕ್ಕಿಯ ತಟ್ಟೆ ನೋಡುತ್ತ ಮೂಕನಾಗಿಬಿಡುತ್ತಿದ್ದ. ನೋಡಿ ಬಂದ ಮನೆಗಳಿಂದೆಲ್ಲ ಒಂದೇ ಉತ್ತರ: “ಹುಡುಗ ಛಲೋ ಅದಾನ್ರಿ, ಆದ್ರ ಬಾಯಿ ಬಿಡಂಗಿಲ್ಲ.” ಬೆಳಿಗ್ಗೆ ಅವ್ವ ಶರಣವ್ವ ಕೈ ಮುಗಿದೇ ಕಳಿಸಿದ್ದಳು: “ಯಪ್ಪಾ, ಏನರ ಒಂದ ಮಾತಾಡೋ. ಮಳಿ ಬಗ್ಗೆ ಆದ್ರೂ ಮಾತಾಡು.”

ಈ ಸಲ ಈ ಸಂಬಂಧ ಅವ್ವನಿಗಿಂತ ಹೆಚ್ಚಾಗಿ ಅವನಿಗೇ ಬೇಕಾಗಿತ್ತು. ನಾಗರತ್ನಾಳ ಫೋಟೋ ಮೊಬೈಲಿಗೆ ಬಂದಾಗಿನಿಂದ ಊಟದ ನಡುವೆ ತೆಗೆದು ನೋಡುತ್ತಿದ್ದ. ಇವಳೂ ಒಲ್ಲೆ ಅಂದರೆ ಇನ್ನೊಬ್ಬಳನ್ನು ನೋಡಲು ಹೋಗುವ ಮನಸ್ಸು ಅವನಿಗಿರಲಿಲ್ಲ.

ಬಾಗಿಲು ತಾನಾಗಿಯೇ ತೆರೆಯಿತು. ನಾಗರತ್ನಾಳೇ. ದುಪಟ್ಟಾ ಸೊಂಟಕ್ಕೆ ಬಿಗಿದಿದ್ದಳು, ಕೂದಲು ಇನ್ನೂ ಬಾಚಿರಲಿಲ್ಲ.

“ಏನ್ರಿ?”

“ನೋಡಾಕ... ಬಂದೇನ್ರಿ.”

“ಪುಣ್ಯಾ ಬಂತು! ಹುಡುಗ ನೋಡಾಕ ಬರತಾನ ಅಂತ ಮುಂಜಾನಿಂದ ಹಾದಿ ಕಾಯಾಕತ್ತೇನಿ. ಬರ್ರಿ ಬರ್ರಿ.”

ಹಾದಿ ಕಾಯುತ್ತಿದ್ದಳಂತೆ! ಹಾಲ್‌ನಲ್ಲಿ ಕುರ್ಚಿ ಕಂಡಿತು, ಕೂರಲು ಹೋದ.

“ಅಲ್ಲೆಲ್ಲಿ ಕೂಡತೀರಿ? ಒಳಗ ಬರ್ರಿ.”

ಅಡುಗೆಮನೆ ದಾಟಿಸಿ ಸೀದಾ ಬಚ್ಚಲಿಗೆ ಕರೆದೊಯ್ದಳು. ಗೋಡೆಯ ಮೇಲಿನ ಗೀಜರ್ ಕಡೆ ಬೆರಳು ತೋರಿಸಿ, “ನೋಡ್ರಿ,” ಎಂದಳು.

ಅವನು ಗೀಜರ್ ನೋಡಿದ. ಅವಳನ್ನು ನೋಡಿದ. ಎಮ್ಮೆಸ್ಸಿ ಓದಿದ ಹುಡುಗಿಯರು ಈಗ ಹೀಗೂ ಪರೀಕ್ಷೆ ಮಾಡುತ್ತಾರೇನೋ, ಶಿವನೇ ಬಲ್ಲ.

“ಮೂರು ಮಂದಿ ಬಂದು ನೋಡಿ ಹೋದ್ರು,” ಎಂದಳು ನಾಗರತ್ನಾ, ಬೇಸರದಿಂದ. “ಒಬ್ಬಾಂವ ಭಾಳ ವಯಸ್ಸಾತು ಅಂದ. ಇನ್ನೊಬ್ಬಾಂವ ಸಪ್ಪಳ ಜಾಸ್ತಿ ಅಂದ. ಮತ್ತೊಬ್ಬಾಂವ ಚಾ ಕುಡದು ಹೋದಾಂವ ತಿರುಗಿ ಬರಲೇ ಇಲ್ಲ. ನೀವರ ಖರೇ ಹೇಳ್ರಿ, ದೋಷ ಏನೈತಿ?”

ಇಂಥ ಹುಡುಗಿಯನ್ನೂ ಮೂರು ಮಂದಿ ಒಲ್ಲೆ ಅಂದರೇ? “ಏನೂ ದೋಷ ಇಲ್ರಿ. ಭಾಳ ಛಲೋ...”

“ಮುಚ್ಚಳ ತಗದ ಇಲ್ಲ, ಆಗಲೇ ಛಲೋ ಅಂತೀರಿ! ಸಾಮಾನು ಆ ಚೀಲದಾಗ ಅದಾವೇನ್ರಿ?”

“ಮೋಸಂಬಿ ಅದಾವ್ರಿ.”

ಅವಳು ಚೀಲ ನೋಡಿದಳು, ಅವನ ಮುಖ ನೋಡಿದಳು. ಒಂದು ಹುಬ್ಬು ಮೇಲೇರಿತು. ಆ ಹುಬ್ಬಿನ ಕೆಳಗೆ ಸಿಕ್ಕಿಬಿದ್ದ ಅವನು ಪಾರಾಗಲು ಗೀಜರ್ ಕಡೆಗೇ ತಿರುಗಿದ.

“ಸಪ್ಪಳಾ ಹೆಂಗ ಮಾಡತೈತ್ರಿ?”

“ಗೊರಗೊರ ಅಂತೈತಿ, ನಮ್ಮ ದೇವಕ್ಕತ್ತಿ ನಿದ್ದಿ ಮಾಡಿದಂಗ. ಕೆಂಪ ದೀಪಾ ಹತ್ತತೈತಿ, ತಾಸಗಟ್ಟಲೆ ಕಾದ್ರೂ ನೀರು ಉಗುರುಬೆಚ್ಚಗ.”

“ಬೋರಿನ ನೀರೇನ್ರಿ?”

“ಹೌದ್ರಿ.”

ಮುಗಿಯಿತು. ಯಂತ್ರದ ಮಾತು ಬಂದಮೇಲೆ ಅವನ ನಾಲಿಗೆಗೆ ಯಾರ ಅಂಜಿಕೆ? “ಹಂಗಾರ ಕಾಯಿಲ್ ಸುಟ್ಟಿಲ್ರಿ. ಸುಟ್ಟಿದ್ರ ನೀರು ತಣ್ಣಗನ ಇರತಿತ್ತು. ಕಾಯೂ ಮೊದಲ ದೀಪಾ ಆರತಿದ್ರ ಥರ್ಮೋಸ್ಟಾಟ್ ಮ್ಯಾಲ ಸಂಶಯ. ಸ್ವಿಚ್ ಹಾಕಿದ ಕೂಡ್ಲೇ ಮನಿ ಕರೆಂಟ್ ಟ್ರಿಪ್ ಆದ್ರ ಎಲ್ಲೋ ಲೀಕೇಜ್ ಐತಿ ಅಂತ, ಅದನ್ನ ಮುಟ್ಟಾಕ ಹೋಗಬಾರದು. ಇದಕ್ಕ ಬರೇ ಉಪ್ಪು ಕಟ್ಟೈತಿ. ಕಾಯಿಲ್ ಒಳಗ ಕಾಯಾಕತ್ತೈತ್ರಿ, ಕಾವು ನೀರಿಗೆ ಮುಟ್ಟವಲ್ದು.”

“ಅಬ್ಬಾ!” ಎಂದಳು ನಾಗರತ್ನಾ. “ಇಷ್ಟ ಬಿಡಿಸಿ ಒಬ್ಬರೂ ಹೇಳಿದ್ದಿಲ್ಲ ನೋಡ್ರಿ.”

ಆ ಒಂದು ಮೆಚ್ಚುಗೆಗೆ ಅವನು ಬಾವಿಗೆ ಹಾರು ಅಂದಿದ್ದರೂ ಹಾರುತ್ತಿದ್ದ. ಸ್ಕೂಟರಿನ ಡಿಕ್ಕಿಯಿಂದ ಬೋಲ್ಟು ಬಿಚ್ಚುವ ಪಾನಾ, ಟೆಸ್ಟರ್ ತಂದ. ಮೇನ್ ಸ್ವಿಚ್ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡ. ನೀರು ಬರುವ ನಲ್ಲಿ ಬಂದ್ ಮಾಡಿ ಟ್ಯಾಂಕಿನ ನೀರನ್ನೆಲ್ಲ ಇಳಿಸಿದ. ಅವಳು ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಳು. ಬೆಳಕು ಆಗಾಗ ಕಾಯಿಲ್ ಬಿಟ್ಟು ಅವನ ಮುಖದ ಮೇಲೆ ಬೀಳುತ್ತಿತ್ತು. ಅವನು ತಿರುಗಿದರೆ ಅವಳು ಗಡಬಡಿಸಿ ಟಾರ್ಚ್ ಸರಿಸುವಳು. ಕಾಯಿಲ್ ಹೊರಬಂದಾಗ ಮೈತುಂಬ ಬೆರಳುದಪ್ಪದ ಬಿಳಿ ಪದರು. ಕೆರೆದಷ್ಟು ಕೆರೆದು, ಉಳಿದದ್ದು ಬಿಡಲೆಂದು ವಿನೆಗರ್ ಹಾಕಿದ ಬಕೆಟ್‌ನಲ್ಲಿ ನೆನೆಯಿಟ್ಟರು. ಅದರ ಆಚೆ ಅವಳು, ಈಚೆ ಅವನು, ಇಬ್ಬರೂ ಕೂತರು.

“ಲಗೂ ಆಗತೈತೇನ್ರಿ?” ಎಂದಳು. “ನನ್ನ ನೋಡಾಕ ಒಬ್ಬಾಂವ ಬರಾಂವ ಅದಾನ.”

ಪಾನಾ ಜಾರಿ ಬಕೆಟ್‌ಗೆ ಬಿತ್ತು.

“ನಿಮ್ಮನ್ನ? ಒಬ್ಬಾಂವ?”

“ಹೂಂ. ನಮ್ಮತ್ತಿ ಹೂವು-ಹಣ್ಣು ತರಾಕ ಪ್ಯಾಟಿಗೆ ಹೋಗ್ಯಾಳ. ಬರೇ ದಂಡ. ನಾ ಅವನ ಫೋಟೋನೂ ನೋಡಿಲ್ಲ, ಒಲ್ಲೆ ಅನ್ನಾಕಿ ಅದೇನಿ.”

ಆಗ ಹೊಳೆಯಿತು ಅವನಿಗೆ. ವಯಸ್ಸಾದದ್ದು ಗೀಜರಿಗೆ, ಸಪ್ಪಳ ಗೀಜರಿನದು, ಹಾದಿ ಕಾದದ್ದು ರಿಪೇರಿ ಹುಡುಗನಿಗೆ. “ಯಾಕ್ರಿ ಒಲ್ಲೆ?” ಎಂದ ಮೆಲ್ಲಗೆ.

“ಅಂವ ಮಾತ ಆಡಂಗಿಲ್ಲಂತ. ಅವಲಕ್ಕಿ ನೋಡಕೋಂತ ಕೂಡತಾನಂತ.” ಅವಳ ದನಿ ಇಳಿಯಿತು. “ನಮ್ಮಪ್ಪನೂ ಹಂಗ ಇದ್ದ. ನಮ್ಮವ್ವ ಗ್ವಾಡಿ ಜೋಡಿ ಮಾತಾಡಿ ಮಾತಾಡಿನ ಹೋದ್ಲು. ನಾ ಕಾಲೇಜಿನ್ಯಾಗ ಪಾಠ ಹೇಳಕೋಂತ ದಿನಾ ಒಬ್ಬಾಕಿನ ಮಾತಾಡತೇನಿ, ಮನ್ಯಾಗೂ ಒಬ್ಬಾಕಿನ ಮಾತಾಡಲೇನು, ಸಾಯೂತನಕ? ನಿಮ್ಮಂಗ ಕಾಯಿಲ್ ಬಗ್ಗೆ ಮಾತಾಡಿದ್ರೂ ನಡೀತಿತ್ತು.” ಅಂದವಳೇ ಕೆಂಪಾಗಿ ಬಕೆಟ್ ಕಡೆ ನೋಡಿದಳು.

ಹೇಳಿಬಿಡೋ ಮಹಾರಾಯ, ಇದೇ ಹೊತ್ತು! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೇಳಿದರೆ ಒಲ್ಲೆ ಅಂತಾಳೆ, ಹೇಳದಿದ್ದರೆ ಮೋಸ. ಬಾಯಿ ತೆರೆದ. ಬಂದ ಮಾತು ಇಷ್ಟೇ: “ವಾಷರ್ ಛಲೋ ಐತ್ರಿ.”

ಅವಳ ಫೋನು ರಿಂಗಾಯಿತು. ಕೈ ಒದ್ದೆಯಿದ್ದುದರಿಂದ ಸ್ಪೀಕರಿಗೆ ಹಾಕಿದಳು. “ಮೇಡಂ, ನಾನ್ರಿ, ಎಲೆಕ್ಟ್ರಿಕ್ ಅಂಗಡಿ ಅಬ್ದುಲಮಜೀದ. ನಮ್ಮ ಹುಡುಗ ಇವತ್ತು ಬರಂಗಿಲ್ರಿ, ನಾಳಿ ಕಳಸತೇನಿ.”

“ಬಂದಾನಲ್ರಿ! ಗೀಜರ್ ಬಿಚ್ಚಕೊಂಡು ಇಲ್ಲೇ ಕುಂತಾನ.”

“ನಾ ಯಾರನ್ನೂ ಕಳಿಸಿಲ್ರಿ!”

ಅವಳು ಎದ್ದು ಹಿಂದೆ ಸರಿದಳು. ಕೈಯಲ್ಲಿನ ಟಾರ್ಚ್ ಬಡಿಗೆಯಾಯಿತು. “ಯಾರ್ರಿ ನೀವು?”

ಅವನ ಕಣ್ಣು ತಾನಾಗಿಯೇ ಬಕೆಟ್‌ಗೆ ಇಳಿಯಿತು, ಪ್ರತಿ ಮನೆಯಲ್ಲೂ ತಟ್ಟೆಗೆ ಇಳಿದ ಹಾಗೆ. ಅದು ಅವನಿಗೇ ತಿಳಿಯಿತು. ಕಷ್ಟಪಟ್ಟು ತಲೆಯೆತ್ತಿದ.

“ನಾ ಶಿವಯೋಗೀಶ್ರಿ. ನೋಡಾಕ ಬಂದದ್ದು ಗೀಜರ್ ಅಲ್ಲ, ನಿಮ್ಮನ್ನ. ಮೊದಲ ನನಗೂ ತಿಳೀಲಿಲ್ಲ. ತಿಳದ ಮ್ಯಾಲ ಅಂಜಿದೆ. ನನಗ ಮಾತು ಬರಂಗಿಲ್ಲ ಅಂತಲ್ರಿ, ಎಲ್ಲಾ ಒಳಗ ಇರತಾವು, ಬಾಯಿ ಒಣಗತೈತಿ. ಈಗೂ ಒಣಗೇತಿ. ಆದ್ರ ಇವತ್ತು ಸುಮ್ಮಕುಂತು ನಿಮ್ಮನ್ನ ಕಳಕೊಂಡ್ರ ನಾ ಭಾಳ ಮರಗತೇನಿ. ನೀವು ನನಗ ಬೇಕ್ರಿ. ಗ್ವಾಡಿ ಜೋಡಿ ಮಾತಾಡಾಕ ನಿಮ್ಮನ್ನ ಬಿಡಂಗಿಲ್ಲ.”

ಟಾರ್ಚ್ ಕೆಳಗಿಳಿಯಿತು.

“ತಡೀರಿ, ತಲಿ ಗಿರ್ ಅನ್ನಾಕತ್ತೈತಿ. ಹಂಗಾರ ನಾ ನಿಮ್ಮನ್ನ ಬೈದದ್ದು ನಿಮ್ಮ ಮುಂದನ?”

“ಹೌದ್ರಿ.”

“ಬೀಗರ ಹುಡುಗನ್ನ ಬಚ್ಚಲದಾಗ ಕೂಡಿಸಿದ್ನೇನು?”

“ಹೌದ್ರಿ.”

“ಅಯ್ಯ ನನ್ನ ಶಿವನ!” ಮುಖ ಮುಚ್ಚಿಕೊಂಡಳು. ಅಳುತ್ತಾಳೋ ನಗುತ್ತಾಳೋ ಅವನಿಗೆ ತಿಳಿಯಲಿಲ್ಲ. ಪ್ರಾಯಶಃ ಅವಳಿಗೂ ತಿಳಿದಿರಲಿಲ್ಲ. ಬೆರಳ ಸಂದಿಯಿಂದ ಕೇಳಿದಳು: “ಹಂಗಾರ ನಾ ಈಗ ಒಲ್ಲೆ ಅಂತ ಯಾರಿಗೆ ಹೇಳ್ಲಿ?”

“ಆ ಅವಲಕ್ಕಿ ನೋಡಾಂವಗ ಹೇಳ್ರಿ,” ಎಂದ ಶಿವಯೋಗೀಶ. “ಅಂವ ಇವತ್ತ ಬಂದಿಲ್ಲ.”

ಅವಳು ಕೈ ಒರೆಸಿಕೊಂಡು ಫೋನು ತೆಗೆದಳು.

“ಅತ್ತಿ, ಹುಡುಗ ಬಂದಾನ.”

“ಆಗಲೇ ಬಂದ್ನ? ನಾ ಆಟೋ ಹತ್ತಿ ಬರತೇನಿ ತಡಿ!” ದೇವಕ್ಕನ ದನಿ ಫೋನಿನಿಂದ ಹೊರಗೂ ಕೇಳಿಸಿತು. “ಏನರ ಮಾತಾಡಾಕತ್ತಾನೇನ?”

“ಮಾತಾಡಾಕತ್ತಾನ,” ಎಂದಳು ನಾಗರತ್ನಾ, ಅವನಿಂದ ಕಣ್ಣು ತೆಗೆಯದೆ. “ನೀ ಆಟೋ ಹತ್ತಬ್ಯಾಡ ಅತ್ತಿ. ಸಾವಕಾಶ ನಡಕೋಂತ ಬಾ.”