ದೊಡ್ಡಣ್ಣ ಒಪ್ಪದ ಮನೆ

ಆ ಮನುಷ್ಯ ಮತ್ತೆ ಬಂದಿದ್ದ. ಗೇಟಿನಾಚೆ ಅವನ ಪಿಕಪ್ ಗಾಡಿ ನಿಂತ ಸದ್ದು ಕಿವಿಗೆ ಬಿದ್ದದ್ದೇ ತಡ, ಅವಳ ಪಿತ್ತ ನೆತ್ತಿಗೇರಿತು. ಎರಡು ಸಲ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎಂದಮೇಲೂ ಮೂರನೇ ಸಲ ನಗುನಗುತ್ತಾ ಬರುವವನಿಗೆ ಏನೆನ್ನಬೇಕು? ಮಾನ ಮರ್ಯಾದೆ ಇಲ್ಲದವನು ಎನ್ನಬೇಕು ಎಂದು ಅವಳು ಲದ್ದಿ ಬಾಚುತ್ತಿದ್ದ ಸಲಿಕೆಗೇ ಹೇಳಿಕೊಂಡಳು.

"ಸಿಡುಕಿ, ನಿನ್ನ ನರ್ಸರಿಯವನು ಬಂದ" ಎಂದು ಅಕ್ಕ ಔಷಧಿ ಕೋಣೆಯಿಂದ ಕರೆದಳು.

ನನ್ನವನಂತೆ! ಸಲಿಕೆಯನ್ನು ಎಸೆದುಬಿಡಬೇಕು ಎನ್ನಿಸಿತು. ಸದ್ದಾದರೆ ಕುದುರೆ ದೊಡ್ಡಣ್ಣ ಬೆಚ್ಚಿಬೀಳುತ್ತಾನೆಂದು ಹಲ್ಲು ಕಚ್ಚಿ ಮೆಲ್ಲಗೆ ಗೋಡೆಗೆ ಒರಗಿಸಿದಳು.

ಆ ಲಾಯ ಅಕ್ಕತಂಗಿಯರದು. ಜನ ದುಡಿಸಿ, ಬಡಿದು, ಬಿಸಾಕಿದ ಕುದುರೆಗಳು ಅಲ್ಲಿಗೆ ಬರುತ್ತಿದ್ದವು. ಅಕ್ಕ ಪಶುವೈದ್ಯೆ, ಗಾಯ ನೋಡುವುದು ಅವಳ ಪಾಲು. ವಾಸಿಯಾದ ಕುದುರೆಗೆ ಒಳ್ಳೆಯ ಮನೆ ಹುಡುಕುವುದು ತಂಗಿಯ ಪಾಲು. ಮನೆ ಹುಡುಕುವವಳಿಗೆ ಸಿಹಿ ಮಾತು ಬರಬೇಕು, ಇವಳಿಗೋ ಮೂಗಿನ ತುದಿಯಲ್ಲೇ ಕೋಪ. ಹುಲ್ಲು ತಂದುಹಾಕುವವನಿಂದ ಹಿಡಿದು ಎಲ್ಲರೂ ಸಿಡುಕಿ ಎಂದೇ ಕರೆಯುತ್ತಿದ್ದರು. ಕರೆದರೆ ಕರೆಯಲಿ. ಕುದುರೆಯ ಮೈಮೇಲಿನ ಬಾಸುಂಡೆ ದಿನಾ ತೊಳೆಯುವವಳು ಸಿಡುಕದೆ ಇನ್ನೇನು ಮಾಡಬೇಕಿತ್ತು?

ದೊಡ್ಡಣ್ಣ ಮರ ಕೊಯ್ಯುವ ಮಿಲ್ಲಿನಲ್ಲಿ ದಿಮ್ಮಿ ಎಳೆದವನು. ಆಳೆತ್ತರದ ಹೆಗಲು, ಬಕೆಟ್ಟಿನಷ್ಟಗಲದ ಗೊರಸು, ಮಗುವಿನ ಜೀವ. ಸರಪಳಿ ಕಿಣಿ ಎಂದರೆ ಮೈಯೆಲ್ಲ ನಡುಗುತ್ತಿತ್ತು. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದ. ಅವನ ಹೆಗಲ ಮೇಲೆ ಕೂದಲು ಹುಟ್ಟದ ಬೋಳು ಪಟ್ಟಿಯೊಂದು ಉಳಿದುಹೋಗಿತ್ತು. ಅದನ್ನು ಉಜ್ಜುವಾಗ ಮಾತ್ರ ಸಿಡುಕಿಯ ಬಾಯಲ್ಲಿ ಸಿಡುಕಿರುತ್ತಿರಲಿಲ್ಲ.

ಲಾಯದಲ್ಲೊಂದು ಪದ್ಧತಿ ಇತ್ತು. ಸಾಕುತ್ತೇವೆಂದು ಬಂದವರು ಅಂಗಳದ ನಡುವೆ ಬರಿಗೈಯಲ್ಲಿ ನಿಲ್ಲಬೇಕು. ಇವಳು ಕುದುರೆಯನ್ನು ಸಡಿಲ ಹಗ್ಗದಲ್ಲಿ ಹಿಡಿದು ತರುತ್ತಾಳೆ. ಕುದುರೆ ತಾನಾಗಿ ಹೋಗಿ ಮೂಸಿದರೆ ಸರಿ. ಕಿವಿಯನ್ನು ಹಿಂದಕ್ಕೆ ಮಡಚಿದರೆ ಬಂದವರು ಬಂದ ದಾರಿ ಹಿಡಿಯಬೇಕು. ಮನೆ ಎಷ್ಟೇ ಚೆನ್ನಾಗಿದ್ದರೂ ಕುದುರೆ ಒಪ್ಪದಿದ್ದರೆ ಇಲ್ಲ.

ದೊಡ್ಡಣ್ಣನನ್ನು ನೋಡಲು ಎಷ್ಟೋ ಜನ ಬಂದಿದ್ದರು. ಒಬ್ಬಳಿಗೆ ಮಕ್ಕಳ ಫೋಟೋಗೆ ದೊಡ್ಡ ಕುದುರೆ ಬೇಕಿತ್ತು. ಇನ್ನೊಬ್ಬ, ಸ್ವಲ್ಪ ಕಡಿಮೆ ತಿನ್ನುವ ಹಾಗೆ ಮಾಡಬಹುದೇ ಎಂದು ಕೇಳಿದ್ದ. ಅವರನ್ನೆಲ್ಲ ಇವಳೇ ಕೆಂಡ ಕಾರಿ ಓಡಿಸಿದ್ದಳು. ಪಾಪ, ದೊಡ್ಡಣ್ಣ ಅವರ ಮುಂದೆ ಆಕಳಿಸಿಕೊಂಡು ನಿಂತಿದ್ದನಷ್ಟೆ. ಅವನು ಕಿವಿ ಮಡಚಿದ್ದು ಒಬ್ಬನಿಗೇ, ಈ ನರ್ಸರಿಯವನಿಗೆ.

ಊರಾಚೆ ಅವನದು ಗಿಡಗಳ ನರ್ಸರಿ. ಮನೆಯಲ್ಲಿ ಅವನ ತಾಯಿ, ಮತ್ತೊಂದು ಮುದಿ ಹೆಣ್ಣು ಕುದುರೆ. ಅದರ ಜೊತೆಗಾರ ಸತ್ತಮೇಲೆ ಅದು ಬೇಲಿಯ ಹತ್ತಿರ ನಿಂತು ದಾರಿ ನೋಡುತ್ತದಂತೆ, ಅದಕ್ಕೊಂದು ಜೊತೆ ಬೇಕಂತೆ. ಸಿಡುಕಿ ಹೇಳದೆ ಕೇಳದೆ ಹೋಗಿ ಮನೆ ನೋಡಿ ಬಂದಿದ್ದಳು. ಬೇಲಿ ಗಟ್ಟಿ, ನೀರು ಚೊಕ್ಕ, ತಾಯಿ ಮುದಿ ಕುದುರೆಯ ಪಕ್ಕ ಸ್ಟೂಲು ಹಾಕಿಕೊಂಡು ಅದಕ್ಕೆ ಪೇಪರ್ ಓದಿ ಹೇಳುತ್ತಿದ್ದರು. ಹೆಸರಿಡಲು ಒಂದೇ ಒಂದು ಕೊರತೆ ಸಿಗಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಮೈ ಉರಿದಿತ್ತು.

ಈಗ ಅವನು ಅಂಗಳದ ನಡುವೆ ನಿಂತಿದ್ದ. ತೋಳು ಮಡಚಿದ ಶರ್ಟು, ಉಗುರಲ್ಲಿ ಮಣ್ಣು, ಕಿವಿಯ ಮೇಲಿನ ಕೂದಲಲ್ಲಿ ಸಿಕ್ಕಿಕೊಂಡ ಪುಟ್ಟ ಎಲೆ. ಆ ಎಲೆ ಅವನಿಗೆ ಗೊತ್ತೇ ಇಲ್ಲವೆಂಬುದು ಇವಳಿಗೆ ಯಾಕೋ ಸಹಿಸಲಾಗಲಿಲ್ಲ. ಇವಳು ನೋಡುತ್ತಿರುವುದನ್ನು ಅವನು ನೋಡಿದ. ಇವಳು ಸಟ್ಟನೆ ಬೇಲಿ ನೋಡಿದಳು. ಇವಳು ಹಿಡಿದಿದ್ದ ಹಗ್ಗದ ಆ ತುದಿಯಲ್ಲಿ ದೊಡ್ಡಣ್ಣನ ಕಿವಿ ಹಿಂದಕ್ಕೆ ಮಡಚಿಕೊಂಡಿತು.

"ನೋಡಿದ್ರಲ್ಲ" ಎಂದಳು.

"ನೋಡ್ದೆ. ಆದ್ರೆ ಇವನಿಗೆ ನಾನು ಹಿಡಿಸಿಲ್ಲ ಅಂತ ನನಗೆ ಯಾಕೋ ಅನ್ನಿಸ್ತಿಲ್ಲ."

"ನಿಮಗೆ ಅನ್ನಿಸೋದು ಯಾರಿಗೆ ಬೇಕು? ಇವನು ಇಷ್ಟು ಜನರಲ್ಲಿ ಕಿವಿ ಮಡಚಿದ್ದು ನಿಮಗೊಬ್ಬರಿಗೆ. ನಿಮ್ಮಲ್ಲೇ ಏನೋ ಇದೆ. ಮನೇಲಿರೋ ಆ ಕುದುರೆಗೆ ಹೊಡೀತೀರಾ?"

ಮಾತು ಬಾಯಿಂದ ಬಿದ್ದಮೇಲೆ ಅದರ ಭಾರ ತಿಳಿಯಿತು. ಅವನ ಮುಖದ ನಗು ಮಾಯವಾಯಿತು. ಅವನಿಗೂ ಕೋಪ ಬರುತ್ತದೆಂದು ಅವಳಿಗೆ ಗೊತ್ತಾದದ್ದು ಆವತ್ತೇ. ದೊಡ್ಡಣ್ಣ ಹೆದರಬಾರದೆಂದು ಅವನು ದನಿಯನ್ನು ತಗ್ಗಿಸಿಯೇ ಮಾತಾಡಿದ.

"ಇಲ್ಲ ಅನ್ನೋ ಹಕ್ಕು ನಿಮಗಿದೆ. ಈ ಮಾತು ಆಡೋ ಹಕ್ಕಿಲ್ಲ."

ಕುದುರೆಗೆಂದು ತಂದು ಗೇಟಿನ ಬಳಿ ಇಟ್ಟಿದ್ದ ಕ್ಯಾರೆಟ್ ಚೀಲವನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ. ಗೇಟನ್ನು ಕೂಡ ಸದ್ದಾಗದ ಹಾಗೆ ಮುಚ್ಚಿದ. ಅದೂ ಅವಳಿಗೆ ಸಿಟ್ಟು ತರಿಸಿತು.

ಮುಂದಿನ ಭಾನುವಾರ ಪಿಕಪ್ ಬರಲಿಲ್ಲ. ಬರದಿದ್ದರೆ ಪೀಡೆ ತೊಲಗಿತು ಎನ್ನುತ್ತಲೇ ಅವಳು ಗೇಟಿನ ಕಡೆಗಿನ ಕೆಲಸವನ್ನೆಲ್ಲ ಹುಡುಕಿ ಹುಡುಕಿ ಮಾಡಿದಳು. ಹುಲ್ಲಿನವನ ಮೇಲೆ ರೇಗಿದಳು, ನಲ್ಲಿಯ ಮೇಲೆ ರೇಗಿದಳು. ಅಕ್ಕ ಚಹಾ ಕೊಟ್ಟರೆ ಬಿಸಿ ಜಾಸ್ತಿಯಾಯಿತೆಂದು ಜಗಳ ತೆಗೆದಳು. ಚಹಾ ಬಿಸಿಯಿರದೆ ಇನ್ನೇನಿರಬೇಕು ಎಂದು ಅಕ್ಕ ನಕ್ಕಳು.

ಅಕ್ಕನ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಯಾವ ಕುದುರೆಯನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಗಾಯಗೊಂಡ ಹೊಸ ಕುದುರೆಗಳಿಗೆ ಜಾಗ ಬೇಕಲ್ಲ. ದೊಡ್ಡಣ್ಣನ ವರ್ಷ ಮುಗಿಯುತ್ತಾ ಬಂದಿತ್ತು. ಮನೆ ಸಿಗದಿದ್ದರೆ ಈ ತಿಂಗಳ ಕೊನೆಗೆ ಅವನು ದೂರದ ದೊಡ್ಡ ಹುಲ್ಲುಗಾವಲಿಗೆ ಹೋಗಬೇಕು. ಅಲ್ಲಿ ಮೇವಿಗೇನೂ ಕೊರತೆಯಿಲ್ಲ. ಆದರೆ ನೂರಾರು ಕುದುರೆಗಳ ಗದ್ದಲ, ಕಬ್ಬಿಣದ ಗೇಟುಗಳು, ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಅಲ್ಲಿ ದೊಡ್ಡಣ್ಣ ಗೋಡೆಗೆ ಮುಖ ಮಾಡಿ ನಿಂತರೆ ಬಂದು ತಿರುಗಿಸುವ ಕೈಯಿರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅಕ್ಕ ತಂಗಿಗೆ ತಿಳಿಸದೆಯೇ ಫೋನ್ ಮಾಡಿ ಅವನನ್ನು ಕರೆಸಿದಳು. ಪಿಕಪ್ ಸದ್ದು ಕೇಳಿದಾಗ ಸಿಡುಕಿಗೆ ಮೊದಲು ಎದೆ ಧಸಕ್ಕೆಂದಿತು, ಆಮೇಲೆ ಕೋಪ ಬಂತು. ಬೆನ್ನ ಹಿಂದೆ ಪಿತೂರಿ ಮಾಡಿದ್ದೀಯ, ನಾನಂತೂ ಜಪ್ಪಯ್ಯ ಅಂದರೂ ಹಗ್ಗ ಮುಟ್ಟುವುದಿಲ್ಲ ಎಂದು ಹೇಳಿ ಮೇವಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಬೇಡ ಬಿಡು ಎಂದು ಅಕ್ಕನೇ ಹಗ್ಗ ಹಿಡಿದು ಹೋದಳು.

ಮೇವಿನ ಕೋಣೆಗೊಂದು ಕಿಟಕಿ ಇತ್ತು. ಇವಳು ನೋಡಬಾರದೆಂದುಕೊಂಡೇ ನೋಡಿದಳು. ಮಡಚು ಕಿವಿ, ಮಡಚು, ನನ್ನ ಮಾತು ಉಳಿಸು ಎಂದು ದೊಡ್ಡಣ್ಣನನ್ನು ಮನಸ್ಸಿನಲ್ಲೇ ಬೇಡಿಕೊಂಡಳು.

ದೊಡ್ಡಣ್ಣ ನೆಟ್ಟಗೆ ಅವನ ಹತ್ತಿರ ನಡೆದ. ಶರ್ಟಿನ ಕಾಲರು ಮೂಸಿದ, ಕುತ್ತಿಗೆ ಮೂಸಿದ. ಆಮೇಲೆ ಆ ದೊಡ್ಡ ತಲೆಯನ್ನು ಅವನ ಹೆಗಲ ಮೇಲಿಟ್ಟು ಉಸ್ಸೆಂದು ಉಸಿರುಬಿಟ್ಟ. ಭಾರಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನೆಟ್ಟಗೆ ನಿಂತ. ಅವನ ಕೈ ಮೆಲ್ಲಗೆ ಹೋಗಿ ಆ ಬೋಳು ಪಟ್ಟಿಯ ಮೇಲೆ ನಿಂತಿತು.

ಕಿಟಕಿಯ ಹಿಂದೆ ಅವಳು ಉರಿದುಬಿದ್ದಳು. ವರ್ಷವಿಡೀ ಮೈ ತಿಕ್ಕಿದವಳು ನಾನು, ಈ ದ್ರೋಹಿ ಒಂದು ಕ್ಯಾರೆಟ್ಟಿಗೆ ಮಾರಿಹೋದ. ಬಾಗಿಲು ತೆಗೆದು ದಾಪುಗಾಲು ಹಾಕಿ ಬಂದು ಅಕ್ಕನ ಕೈಯಿಂದ ಹಗ್ಗ ಕಿತ್ತುಕೊಂಡಳು. ಅಷ್ಟೇ. ದೊಡ್ಡಣ್ಣ ತಲೆಯೆತ್ತಿದ, ಕುತ್ತಿಗೆ ಬಿಗಿಯಿತು, ಕಿವಿ ಹಿಂದಕ್ಕೆ ಮಡಚಿತು. ಅಕ್ಕ ಹಗ್ಗ ವಾಪಸು ತೆಗೆದುಕೊಂಡಳು. ಕಿವಿ ಸಡಿಲವಾಯಿತು.

ಅಕ್ಕ ಹಗ್ಗವನ್ನು ಒಮ್ಮೆ ನೋಡಿದಳು, ತಂಗಿಯನ್ನು ಒಮ್ಮೆ ನೋಡಿದಳು.

"ಇವನು ಹೆದರ್ತಿರೋದು ಅವರಿಗಲ್ಲ ಕಣೇ" ಎಂದಳು ಅಕ್ಕ. "ನಿನ್ನ ಕೈ ನೋಡ್ಕೋ."

ಅವಳು ನೋಡಿಕೊಂಡಳು. ಬೆರಳು ನಡುಗುತ್ತಿದ್ದವು.

"ಕೋಪಕ್ಕೆ" ಎಂದಳು.

"ಫೋಟೋದವಳ ಮೇಲೂ ಕೋಪ ಮಾಡ್ಕೊಂಡಿದ್ದೆ. ಆಗ ಇವನು ಆಕಳಿಸ್ತಿದ್ದ. ನಿನ್ನ ಕೋಪ ಇವನಿಗೆ ಅಭ್ಯಾಸ ಆಗಿದೆ. ಇದು ಬೇರೆ ಏನೋ, ಗೊತ್ತಾಗದೆ ಗಾಬರಿಯಾಗಿದ್ದಾನೆ."

ಇಷ್ಟು ಹೇಳಿ ಅಕ್ಕ ಹಗ್ಗವನ್ನು ಅವನ ಕೈಗಿಟ್ಟು, ಯಾವುದೋ ಔಷಧಿ ಹುಡುಕಬೇಕೆಂದು ಒಳಗೆ ಹೋದಳು. ಅಂಥ ಔಷಧಿ ಯಾವುದೂ ಇರಲಿಲ್ಲ.

ಸಿಡುಕಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂರು ಸಲ ಕುದುರೆಯ ಹೆಸರಲ್ಲಿ ತಾನೇ ಅವನನ್ನು ಅಟ್ಟಿದ್ದಳು. ತನ್ನ ಎದೆಬಡಿತ ಹಗ್ಗದಲ್ಲಿ ಹರಿದು ಕುದುರೆಯನ್ನು ಹೆದರಿಸಿದರೆ, ಅದನ್ನೇ ಕುದುರೆಯ ತೀರ್ಪೆಂದು ಓದಿದ್ದಳು. ಇದೊಂದು ಅವಕಾಶ ಕಳೆದಿದ್ದರೆ ದೊಡ್ಡಣ್ಣ ಆ ಕಾವಲಿನ ಗದ್ದಲಕ್ಕೆ ಹೋಗುತ್ತಿದ್ದ, ಅದೂ ಇವಳಿಂದಾಗಿ. ಅವಳಿಗೆ ತನ್ನ ಮೇಲೆ ಬಂದಷ್ಟು ಕೋಪ ಆ ಮಿಲ್ಲಿನವರ ಮೇಲೂ ಬಂದಿರಲಿಲ್ಲ.

"ಹೊಡೀತೀರಾ ಅಂತ ಕೇಳಿದ್ದು ತಪ್ಪು" ಎಂದಳು, ನೆಲ ನೋಡುತ್ತಾ.

"ತಪ್ಪೇ. ಇಷ್ಟು ದಿನವೂ ಕೋಪ ಇತ್ತು."

"ಈಗ?"

"ಈಗಲೂ ಇದೆ. ಆದ್ರೂ ಬಂದೆ." ಅವನು ದೊಡ್ಡಣ್ಣನ ಹಣೆಗೂದಲು ಸರಿಮಾಡಿದ. "ಕುದುರೆ ಕೊಡೋ ಬೇರೆ ಲಾಯ ಇಲ್ವಾ? ಎರಡನೇ ಸಲ ಬೇಡ ಅಂದಾಗ ಅಲ್ಲಿಗೆ ಹೋಗಬಹುದಿತ್ತು. ಅಮ್ಮನೂ ಅದನ್ನೇ ಹೇಳಿದ್ರು. ನಾನು ಹೋಗಲಿಲ್ಲ."

"ಯಾಕೆ?"

"ಇಷ್ಟು ಚೆನ್ನಾಗಿ ಬೈಯೋರು ಅಲ್ಲಿರಲ್ಲ ಅಂತ."

ನಗು ಬಂದುಬಿಟ್ಟೀತೆಂದು ಅವಳು ಹುಬ್ಬು ಗಂಟಿಕ್ಕಿದಳು. ಆದರೆ ಕಣ್ಣು ಮಾತು ಕೇಳಲಿಲ್ಲ, ತುಂಬಿಕೊಂಡಿತು.

"ನಿಮಗೆ ಗೊತ್ತಿಲ್ಲ. ಇಲ್ಲಿಂದ ಕುದುರೆ ಕೊಟ್ಟಮೇಲೆ ಮೂರು ತಿಂಗಳು ನಾವು ಆ ಮನೆ ಕಡೆ ತಲೆ ಹಾಕಬಾರದು. ನಮ್ಮನ್ನ ಕಂಡ್ರೆ ಅದು ಹೊಸ ಮನೆಗೆ ಹೊಂದಿಕೊಳ್ಳಲ್ಲ. ಕೊಟ್ರೆ ಇವನೂ ಹೋಗ್ತಾನೆ, ನೀವೂ ಬರಲ್ಲ. ಕೊಡಲ್ಲ ಅಂದಾಗೆಲ್ಲ ನೀವು ಮತ್ತೆ ಬರ್ತಿದ್ರಿ. ನನಗೆ ನೀವು ಬರಬೇಕಿತ್ತು. ಸಾಕಾ? ಹೇಳಿಸಿದ್ರಲ್ಲ, ಈಗ ಸಮಾಧಾನ ಆಯ್ತಾ?"

ಅದನ್ನು ಅವಳು ಜಗಳಕ್ಕೆ ಬಂದವಳ ಹಾಗೆಯೇ ಹೇಳಿದಳು.  ಅವನು ಆಯ್ತು ಎಂದ, ಬಹಳ ಮೆಲ್ಲಗೆ.

ಎರಡು ದಿನಕ್ಕೆ ದೊಡ್ಡಣ್ಣ ಹೊರಟ. ಹಗ್ಗ ಹಿಡಿಯುವುದಿಲ್ಲವೆಂದು ಅವಳೇ ಹೇಳಿದ್ದಳು. ತನ್ನ ಸಂಕಟ ಅವನ ಮೈಗೆ ಹತ್ತಬಾರದು. ದೂರದ ನೀರಿನ ತೊಟ್ಟಿಯ ಹತ್ತಿರ, ಕೈ ಹಿಂದೆ ಕಟ್ಟಿಕೊಂಡು ನಿಂತಳು. ಲಾರಿಗೆ ಹತ್ತುವ ಹಲಗೆಗೆ ನರ್ಸರಿಯವನು ಗೋಣಿಚೀಲ ಹಾಸಿಕೊಂಡು ಬಂದಿದ್ದ, ಗೊರಸಿನ ಸದ್ದಾಗದಿರಲೆಂದು. ದೊಡ್ಡಣ್ಣ ಹಲಗೆಯ ನಡುವೆ ನಿಂತು ಇವಳ ಕಡೆ ತಿರುಗಿದ. ಅವಳು ಹೆಸರು ಹಿಡಿದು ಕರೆಯಲಿಲ್ಲ. ಕರೆದಿದ್ದರೆ ಇಳಿದು ಬಂದುಬಿಡುತ್ತಿದ್ದ. ತುಟಿ ಕಚ್ಚಿ ಮುಖ ತಿರುಗಿಸಿಕೊಂಡಳು. ನರ್ಸರಿಯವನು ಅವನ ಕಿವಿಯಲ್ಲಿ ಏನೋ ಹೇಳಿದ, ಕುದುರೆ ಹತ್ತಿತು.

ಲಾರಿಯ ಬಾಗಿಲು ಹಾಕಿ ಅವನು ತೊಟ್ಟಿಯ ಹತ್ತಿರ ಬಂದ. ಅವಳು ಕಣ್ಣೊರೆಸಿಕೊಂಡು ಅವನಿಗಿಂತ ಮುಂಚೆ ಮಾತೆತ್ತಿದಳು.

"ಆ ಮೂರು ತಿಂಗಳ ಕಟ್ಟಳೆ ಕುದುರೆಗೆ. ನಿನಗಲ್ಲ."

ನೀವು ಹೋಗಿ ನೀನು ಆದದ್ದನ್ನು ಇಬ್ಬರೂ ಗಮನಿಸಿದರು.

"ಭಾನುವಾರ ಬಾ. ಒಗೆದ ಶರ್ಟ್ ಹಾಕ್ಕೊಂಡು ಬಾ. ದೊಡ್ಡಣ್ಣನ ವಾಸನೆ ಹೊತ್ಕೊಂಡು ಬಂದ್ರೆ ನಾನು ಅತ್ತುಬಿಡ್ತೀನಿ. ಅತ್ರೆ ನನಗೆ ಕೋಪ ಬರುತ್ತೆ."

ಅವನು ಅವಳ ಕೈ ಹಿಡಿದುಕೊಂಡ. ಅದು ಇನ್ನೂ ನಡುಗುತ್ತಿತ್ತು. ಅವನದೂ ನಡುಗುತ್ತಿತ್ತು.